ಕುಲಪತಿಗಳ ಜಾಹೀರಾತು

ಕಳೆದ ವರ್ಷ ವಿಶ್ವವಿದ್ಯಾಲಯದ ಪ್ರವೇಶ ಮೇಳಕ್ಕೆ ಬಂದವರೆಂದರೆ ಕುರ್ಚಿ ಹಾಕಿದವರು ಮಾತ್ರ. ಈ ಸಲವೂ ಸಭಾಂಗಣ ಖಾಲಿ ಹೊಡೆದರೆ ಪ್ರಚಾರ ವಿಭಾಗಕ್ಕೇ ಬೀಗ ಹಾಕಿಸುತ್ತೇನೆ ಎಂದು ಕುಲಪತಿಗಳು ಗುಡುಗಿದ್ದರು. ಅದಕ್ಕೇ ವಿಭಾಗದ ಮುಖ್ಯಸ್ಥೆ ಹೇಮಲತಾ ಪತ್ರಿಕೆಗೆ ಕೊಡುವ ಜಾಹೀರಾತನ್ನು ತಿದ್ದಿ ತೀಡಿ, ಅವರ ಮುಂದೆ ತಂದಿಟ್ಟಳು.

"ನನ್ನ ಫೋಟೊ ಯಾಕ್ರೀ ಅಂಚೆ ಚೀಟಿ ಥರ ಇದೆ?"

"ಕೋರ್ಸುಗಳ ಹೆಸರು ಹಿಡಿಸಬೇಕಲ್ಲ ಸಾರ್."

"ಅದನ್ನೆಲ್ಲ ಯಾರು ಓದ್ತಾರಮ್ಮ? ತೆಗೀರಿ. ಜನ ಮುಖ ನೋಡಿ ಬರ್ತಾರೆ."

ಫೋಟೊ ಅರ್ಧ ಪುಟಕ್ಕೆ ಹಿಗ್ಗಿತು.

"ಸುತ್ತ ಬೋಳುಬೋಳಾಗಿದೆ. ಒಂದಿಷ್ಟು ಹೂವು ಹಾಕ್ಸಿ. ನಮ್ಮ ಲಾಂಛನದ ದೀಪ ಇದೆಯಲ್ಲ, ಅದನ್ನ ಫೋಟೊ ಕೆಳಗಿಡಿ."

"ಪ್ರವೇಶ ಮೇಳ ಅಂತಾದ್ರೂ ಒಂದು ಸಾಲು ಇರ್ಲಿ ಸಾರ್..."

"ಬೇಡ. 'ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಬನ್ನಿ.' ಅಷ್ಟೇ. ಕುತೂಹಲ ಇರಬೇಕ್ರೀ!"

ಹೇಮಲತಾ ಅದನ್ನೇ ಅಚ್ಚಿಗೆ ಕಳಿಸಿದಳು. ಭಾನುವಾರದ ಪತ್ರಿಕೆಯಲ್ಲಿ ಜಾಹೀರಾತು ಹಾಗೇ ಬಂತು.

ಸೋಮವಾರ ನೋಡಿದರೆ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಸದ್ಯ, ಕೆಲಸ ಉಳಿಯಿತು ಎಂದು ಹೇಮಲತಾಗೆ ಹೋದ ಜೀವ ಬಂದಂತಾಯಿತು. ಅಷ್ಟು ಜನ ಸೇರಿದ್ದರೂ ಒಂದು ಪಿಸುಮಾತಿಲ್ಲ.

"ಎಂಥ ಶಿಸ್ತು ನೋಡಿದ್ರಾ? ಇದು ನನ್ನ ಫೋಟೊ ಮಹಿಮೆ!" ಎಂದು ಬೀಗುತ್ತಾ ಕುಲಪತಿಗಳು ವೇದಿಕೆ ಹತ್ತಿದರು. ಮೈಕು ಹಿಡಿದು, "ಎಲ್ಲರಿಗೂ ನಮಸ್ಕಾರ" ಅಂದರು.

ಮುಂದಿನ ಸಾಲಿನಲ್ಲಿ ದೊಡ್ಡ ಹೂವಿನ ಹಾರ ಹಿಡಿದು ಕೂತಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ದಡಬಡಿಸಿ ಎದ್ದರು. "ಅಯ್ಯಯ್ಯೋ, ಇವರು ಬದುಕೇ ಇದ್ದಾರಲ್ರೀ!"