ಕಿಟಕಿಯೊಳಗಿನ ಕೈ

"ಅಮ್ಮಾ, ನಾನೇ, ಬಾಗಿಲು ತೆಗಿ." ಬೆಳಿಗ್ಗೆ ಬರೀ ನೋಯುತ್ತಿದ್ದ ಮಗಳ ಗಂಟಲಿನಿಂದ ಈಗ ಗಂಡಸಿನಂಥ ಗೊಗ್ಗರು ದನಿ ಬಂತು.

"ಯಾರಪ್ಪಾ ನೀನು? ಮಗಳು ಮನೇಲಿಲ್ಲ, ಸಂಜೆ ಬಾ," ಎಂದು ಕಣ್ಣು ಕಾಣದ ಅಮ್ಮ ಒಳಗಿನಿಂದಲೇ ಗದರಿದಳು.

ನನ್ನ ದನಿ ಕೇಳದೆ ಚಿಲಕ ತೆಗೀಬೇಡ ಎಂದು ತಾಕೀತು ಮಾಡಿದ್ದವಳು ಮಗಳೇ. ಸಂಧಿವಾತಕ್ಕೆ ಬೆರಳು ಸೊಟ್ಟಗಾಗಿ, ಮಗಳಿಗೆ ಹೊರಗಿನಿಂದ ಬೀಗದ ಕೈ ತಿರುಗಿಸಲಾಗದೆ ವರ್ಷವಾಗಿತ್ತು. ಗಂಟಲಲ್ಲೂ ಪುಟ್ಟ ಕೀಲುಗಳಿರುತ್ತವೆ, ವಾತ ಅಲ್ಲಿಗೂ ಬಂದಿದೆ ಎಂದು ಡಾಕ್ಟರು ಈಗಷ್ಟೇ ಹೇಳಿದ್ದರು.

ಮತ್ತೆ ಕೂಗಿದರೆ ಉಸಿರಷ್ಟೇ ಹೊರಟಿತು. ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಒಳಗೋಡೆ ತಟ್ಟಿದಳು. ಸದ್ದಿನತ್ತ ಕೋಲೆತ್ತಿ ಬಂದ ಅಮ್ಮ ಆ ಕೈಯನ್ನು ಹಿಡಿದು ತಳ್ಳಹೋದಳು. ಉಬ್ಬಿದ ಗೆಣ್ಣುಗಳು ಬೆರಳಿಗೆ ಸಿಕ್ಕವು. ಕೋಲು ಕೆಳಗೆ ಬಿತ್ತು.

"ಅಯ್ಯೋ ನನ್ನ ಕಂದಾ, ಆ ಹಾಳು ವಾತ ಗಂಟಲಿಗೂ ಬಂತೇನೇ?"