ಗೂಟ ಕಿತ್ತ ಎಸ್ತೇರಮ್ಮ

ಶೆಟ್ಟಿಹಳ್ಳಿಯ ಆ ಬೀದಿಗೆ ಮೊದಲ ನಲ್ಲಿ ಬರಲಿತ್ತು. ನಲ್ಲಿಯ ಜಾಗ ಗುರುತಿಸಲು ಮೇಸ್ತ್ರಿ ಎಸ್ತೇರಮ್ಮನ ಬಾಗಿಲೆದುರೇ ಗೂಟ ನೆಟ್ಟ. ನಾಲ್ಕು ವರ್ಷ ಪ್ರಾರ್ಥನೆಯಲ್ಲಿ ಬೇಡಿದ್ದು ಕೈಗೂಡಿತೆಂದು ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಮುದುಕಿ ಮುನಿವೆಂಕಟಮ್ಮ, ಬಾವಿಯಿಂದ ತಂದ ಬಿಂದಿಗೆ ಇಳಿಸಿ, ಮಂಡಿ ಒತ್ತಿಕೊಳ್ಳುತ್ತಾ ಜಗಲಿಯ ಮೇಲೆ ಕುಸಿದು ಕೂತಳು. ಎಸ್ತೇರಮ್ಮ ನೋಡುತ್ತಾ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ, ಗೂಟ ಕಿತ್ತು, ಅದನ್ನೊಯ್ದು ಮುದುಕಿಯ ಬಾಗಿಲೆದುರು ಊರಿದಳು.

"ಏನಮ್ಮಾ, ನಿಮ್ಗೆ ನೀರು ಬೇಡ್ವಾ?" ಮೇಸ್ತ್ರಿ ಹಿಂದೆಯೇ ಓಡಿಬಂದ.

"ಬೇಕು ಕಣಣ್ಣ. ನನ್ ಕಾಲು ಗಟ್ಟಿಯಾಗೈತೆ, ನಡ್ಕೊಂಡ್ ಬರ್ತೀನಿ. ಯೇಸಪ್ಪ ನೀರು ಕೊಟ್ಟಿದ್ದು ನನ್ನೊಬ್ಬಳಿಗೇನಾ?"

"ಅಂಗಾದ್ರೆ ದಿನಾ ಮೊದಲ್ನೇ ಬಿಂದಿಗೆ ನಿಂದೇ ಕಣೇ!" ಎಂದಳು ಮುನಿವೆಂಕಟಮ್ಮ.

"ಬ್ಯಾಡಜ್ಜಿ, ಸರತೀಲೇ ನಿಲ್ತೀನಿ. ಮಾತಿಗೆ ಜನ ಸಿಗ್ತಾರೆ."

ಮೇಸ್ತ್ರಿ ನಕ್ಕು ಅಲ್ಲೇ ಗುದ್ದಲಿ ಹಾಕಿದ.