ಒಡೆದ ಕೈಯೇ ಇಡಿಸಿದ ಬಳೆ

ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ನೀರು ಚೆಲ್ಲಿದ ವಾಸನೆ ಬಂದರೆ ಈಗಲೂ ನನಗೆ ರಾವೂರಿನ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಸೈನ್ಯದಲ್ಲಿದ್ದ ಅಪ್ಪ ಗಡಿಯಲ್ಲಿ ತೀರಿಕೊಂಡಾಗ, ಅವನ ಅಕ್ಕ, ಅಂದರೆ ನನ್ನ ಸೋದರತ್ತೆ, ಅದೇ ಅಂಗಳದ ಕಲ್ಲಿಗೆ ಅವ್ವನ ಕೈ ಬಡಿದು ಬಳೆ ಒಡೆದಿದ್ದಳು. ಗಾಜು ಚುಚ್ಚಿ ರಕ್ತ ಬಂದರೂ ಬಿಟ್ಟಿರಲಿಲ್ಲ. ಕೆಲವು ವರ್ಷಗಳ ಮೇಲೆ ಅವ್ವ ಕಲ್ಲು ಸಾಗಿಸುವ ಲಾರಿಯ ಡ್ರೈವರ್ ಶರಣಪ್ಪನನ್ನು ಮೆಚ್ಚಿದಳು. ವಿಧವೆಯ ಮರುಮದುವೆಗೆ ನಮ್ಮ ಕಡೆ ಉಡಕಿ ಎನ್ನುತ್ತಾರೆ.

“ಉಡಕಿ ಅಂದ್ರ ಕತ್ತಲದಾಗ ಆಗ್ಬೇಕು. ಮುತ್ತೈದೇರು ನೋಡಬಾರದು,” ಎಂದಳು ಅತ್ತೆ.

ಅವ್ವ ಸುಡುಬಿಸಿಲಲ್ಲೇ ಆ ಕಲ್ಲು ತೊಳೆದು, ಅದರ ಮೇಲೆ ಕುಳಿತು ಕೈ ಚಾಚಿದಳು. “ಹಗಲೇ ಆಗ್ತದ ಅಕ್ಕಾರ. ಬಳಿ ನೀವೇ ಇಡಸ್ರಿ. ಒಡದ ಕೈನೇ ಇಡಸ್ಬೇಕು.”

ಅಪ್ಪನನ್ನು ಹೆತ್ತ ಅಜ್ಜಿ ಮಗಳ ಕಡೆ ತಿರುಗಿ, “ಇಡಸು,” ಎಂದಳು.

ಅತ್ತೆ ಹಸಿರು ಬಳೆ ಒತ್ತತೊಡಗಿದಳು. ಅವ್ವ ಮುಷ್ಟಿ ಬಿಗಿಹಿಡಿದಿದ್ದಳು. ಬಳೆಯೊಂದು ಚಟ್ಟನೆ ಒಡೆದು ಅತ್ತೆಯ ಬೆರಳು ಕೊಯ್ದಿತು.

“ಭಾಳ ಬಿಗಿ ಅವ,” ಎಂದಳು ಅತ್ತೆ.

“ಒಡದ್ರ ಮತ್ತೊಂದು ಇಡಸ್ರಿ. ಒಡ್ಯೋದು ನಿಮಗ ರೂಢಿನೇ ಅದಲ್ಲ.”

ಕಲ್ಲಿನ ಮೇಲಿನ ರಕ್ತಕ್ಕೆ ನೀರು ಹಾಕೆಂದು ಅಜ್ಜಿ ನನಗೆ ಹೇಳಿದಳು. ನಾನು ಬೇಕಂತಲೇ ತಡಮಾಡಿ ಹಾಕಿದೆ.

ಎರಡೂ ಕೈ ತುಂಬಿದ ಮೇಲೆ ಶರಣಪ್ಪ ಪಕ್ಕದಲ್ಲಿ ಕುಳಿತು ಅವ್ವನ ಕೈ ಹಿಡಿದ. ಮುಷ್ಟಿ ತಾನಾಗಿ ಬಿಚ್ಚಿತು. ಅವಳು ಸೆರಗು ಸರಿಮಾಡಲು ಕೈ ಎತ್ತಿದಾಗ, ಅಷ್ಟೂ ಬಳೆಗಳು ಗಲಗಲ ಎನ್ನುತ್ತ ಸಡಿಲವಾಗಿ ಮೊಣಕೈಯತ್ತ ಜಾರಿದವು. ಅತ್ತೆ ಬೆರಳು ಬಾಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು.